ಮನೆ ಕೈತಪ್ಪಿದರೂ ಶಾಲೆ ಕೈತಪ್ಪಬೇಕಾಗಿಲ್ಲ

ಅಮೆರಿಕಕ್ಕೆ ಹೊಸದಾಗಿ ಬಂದು ಮಕ್ಕಳನ್ನು ಪಬ್ಲಿಕ್ ಶಾಲೆಗೆ ಸೇರಿಸುವಾಗ ತುಂಬಬೇಕಾದ ಕಾಗದಗಳ ಕಟ್ಟಿನಲ್ಲಿ, ಕುಟುಂಬ ಈಗ ಎಲ್ಲಿ ವಾಸವಾಗಿದೆ ಎಂದು ಕೇಳುವ ಹಾಳೆಯೊಂದು ಅನೇಕ ಕಡೆ ಇರುತ್ತದೆ. ಸ್ವಂತ ಅಥವಾ ಬಾಡಿಗೆ ಮನೆಯೇ, ಇನ್ನೊಬ್ಬರ ಮನೆಯೇ, ಮೋಟೆಲ್ಲೇ, ಶೆಲ್ಟರೇ, ಕಾರೇ? ಹೆಚ್ಚಿನವರು ಮೊದಲ ಚೌಕಕ್ಕೆ ಗುರುತು ಹಾಕಿ ಮುಂದೆ ಸಾಗುತ್ತೇವೆ. ಆದರೆ ಆ ಹಾಳೆಯ ಹಿಂದಿರುವ ಕಾನೂನನ್ನು ಪ್ರತಿಯೊಬ್ಬ ಪೋಷಕರೂ ತಿಳಿದಿರಬೇಕು.

1987ರಲ್ಲಿ ಜಾರಿಗೆ ಬಂದ, ನೆಲೆ ಇಲ್ಲದ ಮಕ್ಕಳ ಓದನ್ನು ಕಾಯುವ ಈ ಕಾಯಿದೆಗೆ ಸ್ಟುವರ್ಟ್ ಮೆಕಿನಿ ಮತ್ತು ಬ್ರೂಸ್ ವೆಂಟೊ ಎಂಬ ಇಬ್ಬರು ಸಂಸದರ ಹೆಸರಿದೆ. ರಾತ್ರಿ ತಂಗಲು ಖಾಯಂ ಆದ, ಸರಿಯಾದ ನೆಲೆ ಇಲ್ಲದ ಪ್ರತಿ ಮಗುವೂ ಇದರ ವ್ಯಾಪ್ತಿಗೆ ಬರುತ್ತದೆ. ಕಾನೂನಿನ ಮಾತಿನಲ್ಲಿ ಇವರು ಹೋಮ್‌ಲೆಸ್. ಆ ಪದ ಕೇಳಿದೊಡನೆ ನಾವು ರಸ್ತೆ ಬದಿಯ ಟೆಂಟನ್ನು ನೆನೆಯುತ್ತೇವೆ. ಆದರೆ ಶಾಲೆಗಳು ಪ್ರತಿ ವರ್ಷ ಗುರುತಿಸುವ 10 ಲಕ್ಷಕ್ಕೂ ಮಿಕ್ಕಿದ ಇಂಥ ಮಕ್ಕಳಲ್ಲಿ ಬಹುಪಾಲು ಇರುವುದು ನೆಂಟರ, ಸ್ನೇಹಿತರ ಮನೆಗಳಲ್ಲಿ: ಬಾಡಿಗೆ ಕಟ್ಟಲಾಗದೆ, ಕೆಲಸ ಹೋಗಿ, ಬೆಂಕಿ ಅನಾಹುತಕ್ಕೆ ಸಿಕ್ಕಿ ಅಲ್ಲಿ ಸೇರಿಕೊಂಡವರು. ನ್ಯೂಯಾರ್ಕ್ ನಗರವೊಂದರಲ್ಲೇ ಇವರ ಸಂಖ್ಯೆ 1 ಲಕ್ಷ ದಾಟುತ್ತದೆ.

ಇದು ನಮ್ಮಿಂದ ದೂರದ ಮಾತಲ್ಲ. ಎಚ್-1ಬಿ ವೀಸಾದಲ್ಲಿರುವವರಿಗೆ ಕೆಲಸ ಹೋದರೆ ದೇಶದಲ್ಲಿ ಉಳಿಯಲು ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಬಾಡಿಗೆ ಮನೆ ಬಿಟ್ಟು ಸ್ನೇಹಿತರಲ್ಲಿ ಆಶ್ರಯ ಪಡೆಯುವ ಸಂದರ್ಭ ಯಾರಿಗೂ ಬರಬಹುದು. ಹಿಂಸೆ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಮನೆ ಬಿಟ್ಟ ತಾಯಂದಿರಿಗೂ ಈ ಕಾನೂನು ಆಸರೆ. ಆದರೆ ಹೊಸದಾಗಿ ಬಂದು, ಬೇರೆ ಮನೆ ಹಿಡಿಯುವ ಶಕ್ತಿ ಇದ್ದೂ ಅನುಕೂಲಕ್ಕೆಂದು ನಾಲ್ಕು ದಿನ ಸ್ನೇಹಿತರಲ್ಲಿ ಉಳಿದವರು ಇದರಡಿ ಬರುವುದಿಲ್ಲ.

ಮಗುವಿಗೆ ಸಿಗುವ ಹಕ್ಕುಗಳು

• ವಿಳಾಸದ ದಾಖಲೆ, ಲಸಿಕೆಯ ಪಟ್ಟಿ, ಹಿಂದಿನ ಶಾಲೆಯ ಕಾಗದ ಇಲ್ಲದಿದ್ದರೂ ತಕ್ಷಣ ಸೇರಿಸಿಕೊಳ್ಳಬೇಕು.
• ಮಗುವಿನ ಹಿತಕ್ಕೆ ಒಪ್ಪುವುದಾದರೆ ಊರಾಚೆಗೆ ಹೋಗಬೇಕಾಗಿ ಬಂದರೂ ಹಳೆಯ ಶಾಲೆಯಲ್ಲೇ ಮುಂದುವರಿಯಬಹುದು. ಪೋಷಕರು ಕೇಳಿದರೆ ಅಲ್ಲಿಗೆ ಹೋಗಿಬರುವ ವ್ಯವಸ್ಥೆಯನ್ನೂ ಮಾಡಬೇಕು.
• ಶಾಲೆಯ ಊಟ ಉಚಿತ.
• ವರ್ಷದ ನಡುವೆ ಖಾಯಂ ಮನೆ ಸಿಕ್ಕಿದರೂ ಆ ಶಾಲಾವರ್ಷ ಮುಗಿಯುವವರೆಗೆ ಅದೇ ಶಾಲೆಯಲ್ಲಿ ಓದಬಹುದು.
• ಶಾಲೆ ಒಪ್ಪದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಅದು ತೀರ್ಮಾನವಾಗುವವರೆಗೆ ಮಗು ತರಗತಿಯಲ್ಲಿರಬೇಕು.

ಇದನ್ನೆಲ್ಲ ನೋಡಿಕೊಳ್ಳಲು ಪ್ರತಿ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲೂ ಲಿಯೇಜಾನ್ ಎಂಬ ಅಧಿಕಾರಿ ಇರಲೇಬೇಕು. ವೀಸಾ ಬಗ್ಗೆ ಅಂಜಿ ಹಿಂಜರಿಯಬೇಡಿ. ಯಾವುದೇ ವಲಸೆ ಸ್ಥಿತಿಯ ಮಗುವಿಗೂ ಪಬ್ಲಿಕ್ ಶಾಲೆಯ ಬಾಗಿಲು ಮುಚ್ಚುವಂತಿಲ್ಲವೆಂದು ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪಿತ್ತಿದೆ.

ನಾವು ಮಾಡಬಹುದಾದದ್ದು

ನೆಲೆ ಕಳೆದುಕೊಂಡ ಮಗುವಿಗೆ ಹಸಿವಿನಷ್ಟೇ ನೋವು ತರಬಹುದಾದದ್ದು ತನ್ನ ಸ್ಥಿತಿ ಎಲ್ಲರೆದುರು ಬಯಲಾಗುವುದು. ಸಹಪಾಠಿಯೊಬ್ಬ ಮೋಟೆಲ್ಲಿನಲ್ಲಿದ್ದಾನೆಂದು ನಿಮ್ಮ ಮಗ ಮನೆಯಲ್ಲಿ ಹೇಳಿದರೆ, ಆ ಮಾತು ನಾಲ್ಕು ಮನೆ ಸುತ್ತದಂತೆ ನೋಡಿಕೊಳ್ಳಿ. ನಮ್ಮ ಪಾಟ್‌ಲಕ್‌ಗಳಲ್ಲೂ ಅಷ್ಟೇ. ಕೆಲಸ ಕಳೆದುಕೊಂಡವರ ಮನೆಕಥೆ ಕಾಫಿಯ ಜೊತೆ ಹಂಚುವ ಸಂಗತಿಯಾಗಬಾರದು.

ಫೀಲ್ಡ್ ಟ್ರಿಪ್‌ಗೆ ಹಣ ಕೊಡುವಾಗ ಇನ್ನೊಂದು ಮಗುವಿನ ಪಾಲನ್ನೂ ಸೇರಿಸಿ ಟೀಚರ್ ಕೈಗೆ ಕೊಡಿ. ಯಾರಿಗೆ ಎಂದು ಕೇಳಬೇಡಿ. ಚಳಿಗಾಲದ ಕೋಟು, ಬೂಟು, ಗ್ಯಾಸ್ ಕಾರ್ಡುಗಳನ್ನು ಲಿಯೇಜಾನ್ ಮೂಲಕ ತಲುಪಿಸಿ. ವಾರಾಂತ್ಯಕ್ಕೆ ಊಟದ ಪೊಟ್ಟಣ ಕಳಿಸುವ ಶಾಲೆಗಳಿವೆ, ಅಲ್ಲಿ ಸ್ವಯಂಸೇವಕರಾಗಿ. ಕಷ್ಟದಲ್ಲಿರುವ ಕುಟುಂಬಕ್ಕೆ ಇಂಗ್ಲಿಷ್ ಫಾರಂ ತುಂಬಿಸಿಕೊಡುವುದೂ, ಶಾಲೆಯ ಆಫೀಸಿಗೆ ಜೊತೆಯಾಗಿ ಹೋಗುವುದೂ ದೊಡ್ಡ ನೆರವೇ.

ಈ ವಾರವೇ ನಿಮ್ಮ ಡಿಸ್ಟ್ರಿಕ್ಟ್‌ನ ಲಿಯೇಜಾನ್ ಯಾರೆಂದು ಶಾಲೆಯಲ್ಲಿ ಕೇಳಿ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ನಿಮಗೆ ಅದು ಬೇಕಾಗದೇ ಇರಲಿ. ಬೇಕಾದವರು ಎದುರಾದಾಗ ಹಿಂದೆಮುಂದೆ ನೋಡದೆ ಕೊಡಿ.