ಗಣಕಯಂತ್ರದಲ್ಲಿ ಅವಶ್ಯಕವೂ ಐಚ್ಛಿಕವೂ

ನಮ್ಮ ಶಾಲೆಯಲ್ಲಿ ಕಲಿತುಹೋದ ಸೋದರಿಯರಲ್ಲಿ ಅನೇಕರು ಇಂದು ಗಣಕಯಂತ್ರದ ಮುಂದೆ ಕುಳಿತು ಕೆಲಸಮಾಡುವವರು. ಪೋಷಕರ ಮನೆಗಳಲ್ಲಿಯೂ ಅದು ಹೊಸ ವಸ್ತುವಲ್ಲ. ಆದರೂ ಅದರೊಳಗೆ ತಂತ್ರಾಂಶಗಳು ಹೇಗೆ ಬಂದು ಸೇರುತ್ತವೆಂದು ವಿಚಾರಿಸುವವರು ವಿರಳ. ಅದನ್ನೇ ಈ ಪುಟ್ಟ ಪಾಠದಲ್ಲಿ ತಿಳಿಸಲೆಳಸಿದ್ದೇವೆ.

ಲಿನಕ್ಸ್ ವಿತರಣೆಗಳಲ್ಲಿ ಹಿರಿಯವಾದ ಡೆಬಿಯನ್ ೧೯೯೩ರಲ್ಲಿ ಆರಂಭವಾಯಿತು. ಪತ್ರ, ಲೆಕ್ಕದ ಪಟ್ಟಿ ಮೊದಲಾದವನ್ನು ಸಿದ್ಧಪಡಿಸುವ ಲಿಬ್ರೆಆಫೀಸ್ ೨೦೧೧ರಲ್ಲಿ ಮೊದಲು ಹೊರಬಂದಿತು. ಡೆಬಿಯನ್ನಿನಲ್ಲಿ ಇದು ಒಂದೇ ಗಂಟಾಗಿ ಬರುವುದಿಲ್ಲ. ಬರೆಯುವ ಭಾಗ, ಲೆಕ್ಕದ ಭಾಗ, ತೆರೆಯ ಮೇಲಿನ ಮಾತುಗಳ ಕನ್ನಡ ರೂಪ, ಕನ್ನಡದ ಕಾಗುಣಿತ ನಿಘಂಟು, ಇವೆಲ್ಲ ಬೇರೆ ಬೇರೆ ಪ್ಯಾಕೇಜುಗಳು. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು, ಪ್ಯಾಕೇಜು ಕಟ್ಟುವವರು ಮುಖ್ಯವಾಗಿ ಮೂರು ಬಗೆಯಾಗಿ ಬರೆದಿಡುತ್ತಾರೆ: ಅವಲಂಬನೆ, ಶಿಫಾರಸು, ಸೂಚನೆ.

ಊಟದ ಪಂಕ್ತಿಯನ್ನು ನೆನೆಯಿರಿ. ಅನ್ನವಿಲ್ಲದೆ ಊಟವೇ ಇಲ್ಲ; ಇದು ಅವಲಂಬನೆ. ಉಪ್ಪಿನಕಾಯಿಯನ್ನು ಕೇಳದಿದ್ದರೂ ಬಡಿಸುತ್ತಾರೆ, ಬೇಡವೆಂದವರಿಗೆ ಮಾತ್ರ ಬಿಡುತ್ತಾರೆ, ಇದು ಶಿಫಾರಸು. ಎರಡನೆಯ ಸಲ ತುಪ್ಪ ಕೇಳಿದವರ ಎಲೆಗೆ ಮಾತ್ರ, ಇದು ಸೂಚನೆ. ಜರ್ಮನಿಯವನ ಯಂತ್ರ ಕನ್ನಡದ ನಿಘಂಟನ್ನು ಹೊರಬೇಕಾಗಿಲ್ಲ. ಬಸವನಗುಡಿಯ ಯಂತ್ರ ಜರ್ಮನ್ ನಿಘಂಟನ್ನು ಹೊರಬೇಕಾಗಿಲ್ಲ. ಐಚ್ಛಿಕವಾದವನ್ನು ಬೇರೆಯಾಗಿ ಕಟ್ಟುವುದರ ನ್ಯಾಯ ಇದು.

ಇಂತಹ ಐಚ್ಛಿಕ ವಿಸ್ತರಣೆಗಳನ್ನು ತರುವ ಮಾರ್ಗಗಳು ಎರಡು. ವಿಸ್ತರಣೆಯ ಕಡತವನ್ನು ನಾವೇ ಇಳಿಸಿಕೊಂಡು ಲಿಬ್ರೆಆಫೀಸಿಗೆ ಸೇರಿಸಬಹುದು. ಆದರೆ ಸಾಮಾನ್ಯವಾಗಿ ಅದು ಸೇರಿಸಿದವಳ ಖಾತೆಗೆ ಮಾತ್ರ ಸಲ್ಲುತ್ತದೆ. ಒಂದು ಯಂತ್ರದಲ್ಲಿ ಹತ್ತು ಹುಡುಗಿಯರಿಗೆ ಹತ್ತು ಖಾತೆಗಳಿದ್ದರೆ ಉಳಿದ ಒಂಬತ್ತು ಮಂದಿಗೆ ಅದು ದೊರೆಯದು. ವಿತರಣೆಯ ಪ್ಯಾಕೇಜಾಗಿ ತಂದರೆ ಎಲ್ಲರಿಗೂ ಒಮ್ಮೆಗೇ ದೊರೆಯುತ್ತದೆ. ಬಂದ ಸರಕು ಮಾರ್ಗದಲ್ಲಿ ಕೆಡಲಿಲ್ಲವೆಂದು ಯಂತ್ರವೇ ಪರೀಕ್ಷಿಸುತ್ತದೆ. ಹೊಸ ಆವೃತ್ತಿಯೂ ಕಾಲಕಾಲಕ್ಕೆ ಬರುತ್ತದೆ. ಪ್ಯಾಕೇಜು ಕಟ್ಟುವವರ ಕಾಣದ ಶ್ರಮದ ಫಲ ಇದು.

ಈಗ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಹುಡುಗಿಯರು ಯಂತ್ರದಲ್ಲಿ ಬರೆದ ಇಂಗ್ಲಿಷ್ ಪ್ರಬಂಧಗಳಲ್ಲಿ ತಪ್ಪು ಪದಗಳ ಕೆಳಗೆ ಕೆಂಪುಗೆರೆ ಮೂಡುತ್ತಿತ್ತು. ಕನ್ನಡ ಪ್ರಬಂಧಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ಮಕ್ಕಳ ಕನ್ನಡ ಶುದ್ಧವಾಗಿದೆಯೆಂದು ನಾವು ಹಿಗ್ಗಿದೆವು. "ಪ್ರಾಥನೆ" ಎಂಬ ಪದ ಮೂರು ಪ್ರಬಂಧಗಳಲ್ಲಿ ಕಂಡಾಗಲೇ ಕಣ್ಣು ತೆರೆಯಿತು. ಕನ್ನಡದ ನಿಘಂಟನ್ನು ಯಾರೂ ಕೇಳಿರಲಿಲ್ಲ. ಆದುದರಿಂದ ಅದು ಬಂದಿರಲಿಲ್ಲ. ಮೌನವು ಸಮ್ಮತಿಯ ಲಕ್ಷಣವೆಂಬ ಮಾತು ಯಂತ್ರಕ್ಕೆ ಸಲ್ಲದು. ಇಂಗ್ಲಿಷನ್ನು ತಿದ್ದಿ ಕನ್ನಡವನ್ನು ತಿದ್ದದ ಯಂತ್ರವನ್ನೇ ದಿನವೂ ನೋಡುವ ಮಗುವು, ಕನ್ನಡವನ್ನು ಹೇಗೆ ಬರೆದರೂ ನಡೆಯುತ್ತದೆಂದು ಕಲಿತುಬಿಡುತ್ತದೆ. ಆ ಪಾಠವನ್ನು ಮರೆಸುವುದು ಬಲು ಕಷ್ಟ.

ಡೆಬಿಯನ್ನಿನಲ್ಲಿ ಆ ನಿಘಂಟಿನ ಹೆಸರು ಹನ್‌ಸ್ಪೆಲ್-ಕೆಎನ್. ಇಂತಹ ನಿಘಂಟುಗಳಲ್ಲಿ ಎರಡು ಕಡತಗಳಿರುತ್ತವೆ: ಒಂದು ಪದಗಳ ಪಟ್ಟಿ, ಇನ್ನೊಂದು ಪ್ರತ್ಯಯಗಳ ನಿಯಮ. ಮನೆ, ಮನೆಯಲ್ಲಿ, ಮನೆಯಲ್ಲಿಯೂ ಎಂದು ಬೆಳೆಯುತ್ತ ಹೋಗುವ ನಮ್ಮ ನುಡಿಯ ಸಕಲ ರೂಪಗಳೂ ಯಾವ ಪಟ್ಟಿಗೂ ಸಿಕ್ಕುವುದಿಲ್ಲ. ಸರಿಯಾದ ಪದಕ್ಕೂ ಒಮ್ಮೊಮ್ಮೆ ಕೆಂಪುಗೆರೆ ಬಿದ್ದೀತು. ಆದುದರಿಂದ ಅಧ್ಯಾಪಿಕೆಯ ಕೆಲಸ ಎಂದಿಗೂ ತಪ್ಪದು.

ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಮಂಗಳೂರಿನಿಂದ ಹೊರಬಂದಾಗ ಯಾರ ಮನೆಗೂ ತಾನಾಗಿ ನಡೆದು ಬರಲಿಲ್ಲ; ಬೇಕೆಂದವರು ತರಿಸಿಕೊಂಡರು. ೧೯೧೫ರಲ್ಲಿ ಸ್ಥಾಪಿತವಾಗಿ ಇಂದು ಚಾಮರಾಜಪೇಟೆಯಲ್ಲಿರುವ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿಗೂ ಇದೇ ಮಾತು ಸಲ್ಲುತ್ತದೆ. ಐಚ್ಛಿಕವೆಂದರೆ ನಾವು ಬಾಯಿಬಿಟ್ಟು ಕೇಳಬೇಕಾದದ್ದು. ಪೋಷಕರು ಇಂದು ಸಂಜೆಯೇ ತಮ್ಮ ಮನೆಯ ಯಂತ್ರದಲ್ಲಿ ಒಂದು ಕನ್ನಡ ಪದವನ್ನು ಬೇಕೆಂದೇ ತಪ್ಪಾಗಿ ಬರೆದು ನೋಡಲಿ. ಗೆರೆ ಮೂಡದಿದ್ದರೆ, ಮಗುವಿನ ಪರವಾಗಿ ಕನ್ನಡವನ್ನು ಕೇಳಿ ತರಿಸಲಿ.