ಬಾಡಿಗೆಯ ಜೊತೆ ಬಿಸಿಲನ್ನೂ ಕೂಡಿಸಿ

ನಿವೃತ್ತಿಯಾದ ಮೇಲೆ ಬೆಂಗಳೂರು ಬಿಡುವುದು ಅಂತ ನಾನೂ ನನ್ನ ಹೆಂಡತಿಯೂ ತೀರ್ಮಾನಿಸಿದಾಗ ಸ್ನೇಹಿತರೆಲ್ಲ ಕೊಟ್ಟದ್ದು ಬಾಡಿಗೆಯ ಲೆಕ್ಕ. ಹವೆಯ ಲೆಕ್ಕ ಯಾರೂ ಕೊಡಲಿಲ್ಲ. ಬ್ಯಾಂಕಿನ ವರ್ಗಾವಣೆಗಳಿಂದಾಗಿ ಮಂಗಳೂರಿನ ಸೆಖೆ, ಕಲಬುರಗಿಯ ಬಿಸಿಲು ಎರಡನ್ನೂ ಉಂಡವನು ನಾನು. ಹವೆಯೂ ತಿಂಗಳ ಖರ್ಚಿನ ಒಂದು ಬಾಬತ್ತೇ.

ಕಲಬುರಗಿಯಲ್ಲಿ ಬೇಸಿಗೆ 42 ಡಿಗ್ರಿ ಮುಟ್ಟುತ್ತದೆ, ಮಂಗಳೂರಿನಲ್ಲಿ 35ರ ಆಸುಪಾಸು. ಆದರೂ ಮನೆ ತಂಪು ಮಾಡಿಕೊಳ್ಳುವುದು ದುಬಾರಿಯಾಗುವುದು ಮಂಗಳೂರಿನಲ್ಲೇ. ಕಲಬುರಗಿಯದು ಒಣ ಸೆಖೆ. ನೀರು ಆರುವಾಗ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಕೂಲರ್ ಸಾಕು. ಕಡಲತೀರದ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಕೂಲರ್ ಹಾಕಿದರೆ ಮೈ ಇನ್ನಷ್ಟು ಜಿಗುಟಾಗುತ್ತದೆ. ಏಸಿಯೇ ಬೇಕು. ಸಾಧಾರಣ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೂ ತಿಂಗಳಿಗೆ 50–60 ಯೂನಿಟ್. ಒಂದೂವರೆ ಟನ್ನಿನ ಏಸಿ ರಾತ್ರಿಯಿಡೀ ಓಡಿದರೆ 250–300. ಗೃಹಜ್ಯೋತಿಯ ಉಚಿತ ವಿದ್ಯುತ್ತು ತಿಂಗಳಿಗೆ 200 ಯೂನಿಟ್‌ ಒಳಗಿದ್ದವರಿಗೆ ಮಾತ್ರ. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ನಮ್ಮ ತಲೆಗೇ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ಏಸಿ ಒಂದಕ್ಕೇ ಸಾವಿರದೈನೂರರ ಮೇಲೆ.

ಮಂಗಳೂರಿನ ಮಳೆಗೂ ಬೆಲೆಯಿದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರಲ್ಲಿ ತಾರಸಿಯ ಮೇಲೆ ಶೀಟ್ ಹಾಕಿಸದೆ ಗತಿಯಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕಕ್ಕೆಲ್ಲ ಬೂಷ್ಟು. ಕಬ್ಬಿಣದ ಗೇಟಿಗೆ ಮೇಲಿಂದ ಮೇಲೆ ಬಣ್ಣ. ಮೀನು ಒಳ್ಳೆಯದು ಸಿಗುತ್ತದೆ, ಒಪ್ಪಿದೆ. ಆದರೆ ನಾವು ಸಸ್ಯಾಹಾರಿಗಳು!

ಹಾಗಂತ ಕಲಬುರಗಿಗೆ ನಾನು ಹೋಗಲಾರೆ. ಕೂಲರಿಗೆ ದಿನಕ್ಕೆ ಕೊಡಗಟ್ಟಲೆ ನೀರು ಬೇಕು, ಅದೂ ನೀರಿಗೆ ತತ್ವಾರ ಇರುವ ತಿಂಗಳಲ್ಲೇ. ಬೇಸಿಗೆಯಲ್ಲಿ ಆ ಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಮುಚ್ಚುತ್ತಾರೆ. ಅರವತ್ತು ದಾಟಿದವರಿಗೆ ಆ ಬಿಸಿಲು ಕರೆಂಟಿನ ಬಿಲ್ಲಲ್ಲ, ಆಸ್ಪತ್ರೆಯ ಬಿಲ್ಲು.

ನಮ್ಮ ಆಯ್ಕೆ ಧಾರವಾಡ. ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರ, ಸಂಜೆಯಾದರೆ ಗಾಳಿ. ಏಸಿ ಇಲ್ಲದೆ ಬೇಸಿಗೆ ಕಳೆಯಬಹುದು. ಕೊರತೆ ಇರುವುದು ನೀರಿನದು. ಕೆಲವು ಬಡಾವಣೆಗಳಲ್ಲಿ ದಿನದ 24 ಗಂಟೆ ನಲ್ಲಿ ನೀರು ಬಂದರೆ ಉಳಿದೆಡೆ ಕೆಲವು ದಿನಗಳಿಗೊಮ್ಮೆ. ಆದ್ದರಿಂದ ಬಾಡಿಗೆ ಸಾವಿರ, ಎರಡು ಸಾವಿರ ಹೆಚ್ಚಾದರೂ ದೊಡ್ಡ ಸಂಪ್ ಇರುವ ಮನೆಯನ್ನೇ ನೋಡಿದೆವು.

ನೀವೂ ಊರು ಹುಡುಕುತ್ತಿದ್ದರೆ ವರ್ಷದ ಸರಾಸರಿ ತಾಪಮಾನ ನೋಡಿ ಮರುಳಾಗಬೇಡಿ, ಅತಿ ಕೆಟ್ಟ ಎರಡು ತಿಂಗಳನ್ನು ನೋಡಿ. ಅಡ್ವಾನ್ಸ್ ಕೊಡುವ ಮುನ್ನ ಏಪ್ರಿಲ್, ಮೇ ತಿಂಗಳ ಕರೆಂಟ್ ಬಿಲ್ಲನ್ನು ಮನೆ ಮಾಲೀಕರಿಂದ ಕೇಳಿ ಪಡೆಯಿರಿ. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನು ಮಾತ್ರ ಪಕ್ಕದ ಮನೆಯವರನ್ನು ಕೇಳಿ.