ಬೆರಳ ತುದಿಯ ಸಂತೆ: ಮನಸ್ಸಿಗೊಂದು ಬೀಗ



ದಿಂಡಿಗಲ್ಲು ಎಂದರೆ ಬೀಗ ಎಂಬುದು ಈ ಸೀಮೆಯ ಮಕ್ಕಳಿಗೂ ಗೊತ್ತು. 2019ರಲ್ಲಿ ಆ ಬೀಗಕ್ಕೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ಹಿಂದೆ ಅನೇಕ ಮನೆಗಳಲ್ಲಿ ಹಣದ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿಯನ್ನು ಮನೆಯ ಯಜಮಾನಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಆ ಬೀಗ ಕಳ್ಳನಿಗಾಗಿ ಮಾತ್ರ ಇರಲಿಲ್ಲ. ಹಣ ಬೇಕಾದವರು ಕೀಲಿ ಕೇಳಬೇಕಾಗಿತ್ತು, ಕೇಳಿದೊಡನೆ "ಯಾತಕ್ಕೆ?" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಆ ಒಂದು ಪ್ರಶ್ನೆಯೇ ಎಷ್ಟೋ ಮನೆಗಳನ್ನು ಕಾಪಾಡಿತು.

ಇಂದು ಪೆಟ್ಟಿಗೆ ಜೇಬಿನ ಫೋನಿನಲ್ಲಿದೆ. ಸಂತೆಯೂ ಅದರಲ್ಲೇ ಇದೆ. "ಯಾತಕ್ಕೆ?" ಎಂದು ಕೇಳುವವರು ಮಾತ್ರ ಇಲ್ಲ. ಫೋನಿನಲ್ಲಿ ಕೊಳ್ಳುವುದು ತಪ್ಪಲ್ಲ. ಹನಿ ನೀರಾವರಿಯ ಒಂದು ಬಿಡಿಭಾಗಕ್ಕಾಗಿ ಮದುರೆಗೆ ಹೋಗಿಬರುವ ಬಸ್ಸಿನ ಖರ್ಚು ಉಳಿಯುವುದು ಒಳ್ಳೆಯದೇ. ಆದರೆ ಬೇಡವಾದದ್ದನ್ನು ಕೊಳ್ಳುವಂತೆ ಮನಸ್ಸು ಸೋಲುವುದು ಹೇಗೆ, ಅದನ್ನು ತಡೆಯುವುದು ಹೇಗೆ ಎಂಬುದೇ ಈ ಸಲದ ಪಾಠ.

ಒಂದು ಮನೆಯ ಲೆಕ್ಕ

ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರ ಒಂದು ಮನೆಯನ್ನು ಊಹಿಸಿಕೊಳ್ಳಿ. ಕಟಾವಿನ ಹಣ ಬಂದಿದೆ. ರಾತ್ರಿ ಊಟವಾದ ಮೇಲೆ ಮಗ ಒಂದು ಇಯರ್‌ಫೋನ್, ಸೊಸೆ ಒಂದು ಸೀರೆ, ಯಜಮಾನರು ಒಂದು ಟಾರ್ಚು ಕೊಳ್ಳುತ್ತಾರೆ. ಯಾವುದೂ ದೊಡ್ಡದಲ್ಲ, ಒಂದೊಂದು ಸುಮಾರು 400 ರೂಪಾಯಿ. ಹೀಗೆ ತಿಂಗಳಿಗೆ 12 ಪೊಟ್ಟಣ ಬಂದರೆ 4,800 ರೂಪಾಯಿ. ವರ್ಷಕ್ಕೆ 57,600 ರೂಪಾಯಿ. ಬಾವಿಯ ಮೋಟಾರು ಸುಟ್ಟ ದಿನ ಈ ಮನೆಯವರು ಸೊಸೆಯ ಬಳೆಯನ್ನು ಅಡವಿಡಬೇಕಾಗುತ್ತದೆ. ಇಯರ್‌ಫೋನಿಗಾಗಿ ಬಳೆ ಅಡವಿಟ್ಟೆವೆಂದು ಯಾರಿಗೂ ಅನ್ನಿಸುವುದಿಲ್ಲ. ನಡೆದದ್ದು ಮಾತ್ರ ಅದೇ.

ಮನಸ್ಸು ಸೋಲುವ ನಾಲ್ಕು ದಾರಿ

1. ಕೊಡುವ ನೋವು ಇಲ್ಲದಿರುವುದು. ನೋಟು ಎಣಿಸಿ ಕೊಡುವಾಗ ಮನಸ್ಸಿಗೆ ಸಣ್ಣ ನೋವಾಗುತ್ತದೆ. ಅದು ನಮ್ಮ ಕಾವಲುಗಾರ. ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ಅಮೆರಿಕದ ವಿದ್ವಾಂಸರು ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೇಟುಗಳನ್ನು ವಿದ್ಯಾರ್ಥಿಗಳ ನಡುವೆ ಹರಾಜಿಗಿಟ್ಟು, 2001ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಕೆಲವರು ನಗದು ಕೊಡಬೇಕು, ಉಳಿದವರು ಕ್ರೆಡಿಟ್ ಕಾರ್ಡಿನಿಂದ ಕೊಡಬೇಕು ಎಂಬುದು ನಿಯಮ. ಕಾರ್ಡಿನವರು ಕೂಗಿದ ಬೆಲೆ ಸರಾಸರಿಯಲ್ಲಿ ನಗದಿನವರ ಬೆಲೆಯ ಸುಮಾರು ಎರಡು ಪಟ್ಟಾಯಿತು. ಟಿಕೇಟು ಒಂದೇ, ಕೈಯಿಂದ ನೋಟು ಹೋಗುವುದು ಕಾಣಿಸಲಿಲ್ಲ, ಅಷ್ಟೇ.

2. ಹೊಡೆದು ಹಾಕಿದ ಬೆಲೆ. 2,999 ಎಂದು ಬರೆದು, ಅದರ ಮೇಲೆ ಗೆರೆ ಎಳೆದು, 799 ಎಂದು ತೋರಿಸುತ್ತಾರೆ. ಮೊದಲು ಕಂಡ ಅಂಕಿಗೆ ಮನಸ್ಸು ಅಂಟಿಕೊಳ್ಳುತ್ತದೆಂದು ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲೇ ತೋರಿಸಿದರು. "2,200 ರೂಪಾಯಿ ಉಳಿಯಿತು" ಎಂದು ನಾವು ಹಿಗ್ಗುತ್ತೇವೆ. ಆದರೆ ಕೊಳ್ಳದಿದ್ದರೆ 799 ಸಹ ಉಳಿಯುತ್ತಿತ್ತು. ಅಂಗಡಿಗಳ ಆಡಿ ತಳ್ಳುಪಡಿ ಆಡಿ ಮಾಸದೊಡನೆ ಮುಗಿಯುತ್ತದೆ. ಫೋನಿನಲ್ಲಿ ವರ್ಷಪೂರ್ತಿ ಆಡಿ ಮಾಸವೇ.

3. ಕಾಯುವ ಸುಖ. 1990ರ ದಶಕದಲ್ಲಿ ವುಲ್ಫ್‌ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಮಂಗಗಳ ಮೆದುಳನ್ನು ಪರೀಕ್ಷಿಸಿದರು. ಹಣ್ಣಿನ ರಸ ಬರುವ ಮುಂಚೆ ಒಂದು ಸೂಚನೆ ಕೊಡುವುದು ಅವರ ಕ್ರಮ. ಅಭ್ಯಾಸವಾದ ಮೇಲೆ ಡೋಪಮೀನ್ ಕೋಶಗಳು ರಸ ಬಾಯಿಗೆ ಬಿದ್ದಾಗ ಅಲ್ಲ, ಸೂಚನೆ ಕಂಡಾಗಲೇ ಚುರುಕಾದವು. ಪೊಟ್ಟಣ ಬರುವವರೆಗಿನ ಉತ್ಸಾಹ, ಬಿಚ್ಚಿದ ಮೇಲೆ ಆರಿಹೋಗುವುದನ್ನು ನಾವೂ ಕಂಡಿದ್ದೇವೆ. ಆರಿದೊಡನೆ ಮನಸ್ಸು ಮತ್ತೊಂದು ಪೊಟ್ಟಣ ಹುಡುಕುತ್ತದೆ.

4. ಒಮ್ಮೆಗೇ ಬರುವ ಹಣ. ಸಂಬಳದವರಿಗೆ ತಿಂಗಳು ತಿಂಗಳು ಹಣ ಬರುತ್ತದೆ. ನಮಗೆ ದ್ರಾಕ್ಷಿ ಕಟಾವಿನಲ್ಲಿ, ಏಲಕ್ಕಿಯ ಹರಾಜಿನಲ್ಲಿ ಒಟ್ಟಿಗೆ ಬರುತ್ತದೆ. ಜನರು ಒಂದೇ ಹಣವನ್ನು ಮನಸ್ಸಿನೊಳಗೆ ಬೇರೆ ಬೇರೆ ಗಂಟು ಕಟ್ಟಿ, ಕೆಲವನ್ನು ಹಗುರವಾಗಿ ಖರ್ಚು ಮಾಡುತ್ತಾರೆಂದು ವಿವರಿಸಿದವರು ರಿಚರ್ಡ್ ಥೇಲರ್. ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಖಾತೆಗೆ ಬಿದ್ದ ದೊಡ್ಡ ಮೊತ್ತ ಲಾಭವೆಂದು ತೋರುತ್ತದೆ. ಅದರಲ್ಲಿ ಗೊಬ್ಬರ, ಔಷಧಿ, ಕೂಲಿ, ಸೊಸೈಟಿಯ ಸಾಲ, ಮಕ್ಕಳ ಫೀಸು ಎಲ್ಲವೂ ಅಡಗಿದೆ.

ವ್ಯಾಪಾರಿಗೆ ಒಂದು ಮಾತು

ಬೋಡಿಯ ಏಲಕ್ಕಿ ವ್ಯಾಪಾರಿ ಕಾಯನ್ನು ಅಂಗೈಯಲ್ಲಿ ಹಿಡಿದು, ಬಣ್ಣ ಗಾತ್ರ ನೋಡದೆ ಬೆಲೆ ಕೂಗುವುದಿಲ್ಲ. "ಇದೇ ಕೊನೆಯ ಚೀಲ" ಎಂದು ಯಾರಾದರೂ ಅವಸರಪಡಿಸಿದರೆ ಅವನು ನಗುತ್ತಾನೆ. ಅದೇ ವ್ಯಾಪಾರಿ ರಾತ್ರಿ ಫೋನಿನಲ್ಲಿ "ಇನ್ನು ಎರಡೇ ಉಳಿದಿವೆ, ಹತ್ತು ನಿಮಿಷ ಮಾತ್ರ" ಎಂದು ಕಂಡರೆ ಗಾಬರಿಯಿಂದ ಒತ್ತಿಬಿಡುತ್ತಾನೆ. ಇದು ಬುದ್ಧಿಯ ಕೊರತೆಯಲ್ಲ. ಹಾಗೆ ಒತ್ತಿಸಲೆಂದೇ ಆ ಪರದೆಯನ್ನು ರೂಪಿಸಿರುತ್ತಾರೆ. ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಇಂಥ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಸೇರಿದ ಚಂದಾದಿಂದ ಹೊರಬರಲು ಬಿಡದಿರುವುದು ಅವುಗಳಲ್ಲಿ ಕೆಲವು. ಇಂಥದ್ದು ಕಂಡರೆ 1915ಕ್ಕೆ ಫೋನು ಮಾಡಿ ದೂರು ಕೊಡಬಹುದು.

ಲಕ್ಕಮ್ಮನ ಅಳತೆ

ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮಗೆಲ್ಲ ತಿಳಿದದ್ದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಹೆಚ್ಚಿನದನ್ನು ಹಿಂದಕ್ಕೆ ಕೊಟ್ಟುಬರುವಂತೆ ಹೇಳಿದಳು. ಗಮನಿಸಿ, ಆ ಅಕ್ಕಿಗೆ ಬೆಲೆಯೇ ಇರಲಿಲ್ಲ. ಆದರೂ "ಪುಕ್ಕಟೆ ಸಿಕ್ಕಿತು" ಎಂಬುದು ಆಕೆಗೆ ಕಾರಣವಾಗಲಿಲ್ಲ. ಇಂದಿಗೆ ಎಷ್ಟು ಬೇಕು ಎಂಬುದೊಂದೇ ಆಕೆಯ ಅಳತೆ. ನಾವಾದರೋ 40 ರೂಪಾಯಿ ಸಾಗಾಟದ ಖರ್ಚು ಉಳಿಸಲು 200 ರೂಪಾಯಿಯ ಬೇಡದ ವಸ್ತುವನ್ನು ಬುಟ್ಟಿಗೆ ಹಾಕುತ್ತೇವೆ.

ಬೀಗ ಹಾಕುವ ಕ್ರಮ

ಮನಸ್ಸು ಗಟ್ಟಿಮಾಡಿಕೊಂಡರೆ ಸಾಕೆಂದು ನಂಬಬೇಡಿ. ದಣಿದ ರಾತ್ರಿಯಲ್ಲಿ ಮನಸ್ಸು ಗಟ್ಟಿ ಇರುವುದಿಲ್ಲ. ಆಸೆಗೂ ಹಣಕ್ಕೂ ನಡುವೆ ಹಿಂದಿನಂತೆ ಒಂದು ಬಾಗಿಲು ಇಡಬೇಕು.

1. ಆ್ಯಪ್‌ಗಳಲ್ಲಿ ಉಳಿಸಿಟ್ಟ ಕಾರ್ಡಿನ ವಿವರ ಅಳಿಸಿರಿ. ಕಾರ್ಡಿನ ಆನ್‌ಲೈನ್ ಬಳಕೆಯನ್ನು ನಿಲ್ಲಿಸುವ, ಮಿತಿ ಹಾಕುವ ಸೌಲಭ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕು 2020ರಲ್ಲೇ ಆದೇಶಿಸಿದೆ. ಬೇಕಾದ ದಿನ ತೆರೆದು, ಮತ್ತೆ ಮುಚ್ಚಿರಿ.

2. ಬೆಳೆಯ ಹಣ ಒಂದು ಖಾತೆಯಲ್ಲಿರಲಿ. ಮನೆಖರ್ಚಿನ ಸಣ್ಣ ಖಾತೆ ಬೇರೆ ಇರಲಿ. ಫೋನಿನ ಯುಪಿಐಗೆ ಸಣ್ಣ ಖಾತೆಯನ್ನು ಮಾತ್ರ ಜೋಡಿಸಿರಿ. ತಿಂಗಳಿಗೊಮ್ಮೆ ನಿಗದಿಯಾದಷ್ಟನ್ನೇ ಅದಕ್ಕೆ ಹಾಕಿರಿ.

3. ಬೇಕೆನಿಸಿದ್ದನ್ನು ಒಂದು ಪುಸ್ತಕದಲ್ಲಿ ಬರೆದು ಮೂರು ರಾತ್ರಿ ಕಳೆಯಲಿ. ನಾಲ್ಕನೆಯ ದಿನವೂ ಬೇಕೆನಿಸಿದರೆ ಮನೆಯವರೊಡನೆ ಮಾತಾಡಿ ಕೊಳ್ಳಿ.

4. ಬೆಲೆಯನ್ನು ರೂಪಾಯಿಯಲ್ಲಿ ಅಲ್ಲ, ಕಾಯಕದಲ್ಲಿ ಅಳೆಯಿರಿ: ಇದು ಎಷ್ಟು ಕಿಲೋ ದ್ರಾಕ್ಷಿ? ಎಷ್ಟು ಆಳಿನ ಕೂಲಿ?

5. ಆಫರಿನ ಸೂಚನೆಗಳನ್ನು ನಿಲ್ಲಿಸಿರಿ. ರಾತ್ರಿ ಊಟದ ಮೇಲೆ ಕೊಳ್ಳುವುದನ್ನು ಮನೆಯವರೆಲ್ಲ ಕೂಡಿ ಬಿಡಿರಿ.

6. ಸೋಮವಾರ ಪೂಜೆಯಾದ ಮೇಲೆ ವಾರದ ಖರ್ಚನ್ನು ಫೋನಿನಿಂದಲೇ ಗಟ್ಟಿಯಾಗಿ ಓದಿರಿ. ಯಜಮಾನರ ಖರ್ಚು ಮೊದಲು ಓದಲಿ. ಬೈಗುಳ ಬೇಡ, ಬೈದರೆ ಲೆಕ್ಕ ಅಡಗುತ್ತದೆ, ಖರ್ಚು ಅಡಗುವುದಿಲ್ಲ.

ಇಷ್ಟಾದರೂ ಕೈ ತಡೆಯದೆ ಸಾಲ ಮಾಡಿ, ಮುಚ್ಚಿಟ್ಟು ಕೊಳ್ಳುವವರು ಮನೆಯಲ್ಲಿದ್ದರೆ ಅವರನ್ನು ಹೀಗಳೆಯಬೇಡಿ. ದುಃಖ, ಒಂಟಿತನ ಹಲವು ಸಲ ಈ ರೂಪದಲ್ಲಿ ಹೊರಬರುತ್ತವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಸಲಹೆ ದೊರೆಯುತ್ತದೆ.

ಮನೆಯಲ್ಲಿ ಕೂಡಿ ಯೋಚಿಸಲು

ಅ) ಕಳೆದ ಮೂರು ತಿಂಗಳಲ್ಲಿ ಬಂದ ಪೊಟ್ಟಣಗಳೆಷ್ಟು? ಅವುಗಳಲ್ಲಿ ಇಂದೂ ಬಳಕೆಯಲ್ಲಿರುವುದೆಷ್ಟು?
ಆ) ಮುಂದಿನ ಕಟಾವಿನ ಹಣದಲ್ಲಿ ಈಗಾಗಲೇ ಕೊಡಬೇಕಾದದ್ದೆಷ್ಟು?
ಇ) ನಮ್ಮ ಮನೆಯಲ್ಲಿ "ಯಾತಕ್ಕೆ?" ಎಂದು ಪ್ರೀತಿಯಿಂದ ಕೇಳುವವರು ಯಾರು?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕ ಮನೆಗೆ ಕೀಲಿ ಸಿಕ್ಕಂತೆಯೇ.